ಪಾಪ್-ಅಪ್ ಟಾಪ್ ತೆಗೆದು ಫೈಬರ್ ಹಾರ್ಡ್ ಟಾಪ್ ಹಾಕಿಸಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಊರು ತಿಪಟೂರು, ಗಾಡಿ ಸೆಕೆಂಡ್ ಹ್ಯಾಂಡ್ ಲೋ-ರೂಫ್ ಟಾಟಾ ವಿಂಗರ್. ಹಿಂದಿನ ಓನರ್ ರೂಫ್ ಕೊಯ್ಸಿ, ನಿಂತಾಗ ಮೇಲಕ್ಕೆ ಎತ್ತುವ ಪಾಪ್-ಅಪ್ ಟಾಪ್ ಹಾಕಿಸಿ ಕ್ಯಾಂಪರ್, ಅಂದರೆ ಒಳಗೇ ಮಲಗಿಕೊಂಡು ಊರೂರು ಸುತ್ತುವ ಗಾಡಿ, ಮಾಡಿಕೊಂಡಿದ್ದರು. ಈಗ ಕ್ಯಾನ್ವಾಸ್ ಮಡಿಕೆಯಲ್ಲಿ ಹರಿದಿದೆ, ಟಾಪ್ ಎತ್ತಿ ನಿಲ್ಲಿಸುವ ಗ್ಯಾಸ್ ಶಾಕ್ ಹಿಡಿಯುತ್ತಿಲ್ಲ, ಮಳೆ ಬಂದರೆ ಹಾಸಿಗೆ ನೆನೆಯುತ್ತೆ. ಇದನ್ನೆಲ್ಲ ಕಿತ್ತು ಖಾಯಂ ಫೈಬರ್ ಟಾಪ್ ಕೂರಿಸಬಹುದಾ, ಆರ್‌ಟಿಒದವರು ಏನಂತಾರೆ, ತೆಗೆದ ಹಳೆ ಟಾಪ್ ಏನು ಮಾಡೋದು ಅಂತ ಕೇಳಿದ್ದೀರಿ.

ತುಮಕೂರಿನ ಅಂತರಸನಹಳ್ಳಿ ಕಡೆ ನಮ್ಮದೊಂದು ಫೈಬರ್ ಮತ್ತು ಬಾಡಿ ಕೆಲಸದ ಶೆಡ್ ಇದೆ, ಹಾಗಾಗಿ ಹೇಳ್ತೀನಿ. ಆಗುತ್ತೆ. ಆದರೆ ಎಲ್ಲರೂ ಟಾಪ್ ಬಗ್ಗೆಯೇ ಕೇಳ್ತಾರೆ: ಎಷ್ಟು ದಪ್ಪ, ಯಾವ ಶೇಪ್, ಯಾವ ಬಣ್ಣ. ಟಾಪ್ ಮಾಡೋದು ಸುಲಭದ ಭಾಗ. ನಿಮ್ಮ ಗಾಡಿಯ ನಿಜವಾದ ಕೆಲಸ ಇರೋದು ಅದರ ಕೆಳಗಿನ ತೂತಿನಲ್ಲಿ.

ವಿಂಗರ್‌ಗೆ ಲಾರಿಯ ಹಾಗೆ ಚಾಸಿ ಬೇರೆ, ಬಾಡಿ ಬೇರೆ ಅಂತಿಲ್ಲ. ನೆಲ, ಪಕ್ಕದ ಗೋಡೆ, ರೂಫ್ ಎಲ್ಲ ಸೇರಿಯೇ ಭಾರ ಹೊರೋದು, ತಿರುಚೋದನ್ನ ತಡೆಯೋದು. ಬೆಂಕಿಪೊಟ್ಟಣದ ಒಳಗಿನ ತೆರೆದ ಡಬ್ಬಿಯನ್ನ ಎರಡು ತುದಿ ಹಿಡಿದು ತಿರುಚಿ ನೋಡಿ, ಸಲೀಸಾಗಿ ತಿರುಗುತ್ತೆ. ಮೇಲೊಂದು ರಟ್ಟು ಅಂಟಿಸಿ ಮತ್ತೆ ತಿರುಚಿ, ಜಗ್ಗಲ್ಲ. ನಿಮ್ಮ ರೂಫ್ ತಗಡು ಒಂದು ಮಿಲಿಮೀಟರ್ ಕೂಡ ದಪ್ಪ ಇರಲ್ಲ. ಅಷ್ಟು ತೆಳು ತಗಡೇ ಆ ರಟ್ಟಿನ ಕೆಲಸ ಮಾಡ್ತಿತ್ತು, ಜೊತೆಗೆ ಎಡದಿಂದ ಬಲಕ್ಕೆ ಹಾದುಹೋಗುವ ಅಡ್ಡಪಟ್ಟಿಗಳು. ಪಾಪ್-ಅಪ್ ಹಾಕುವಾಗ ತಗಡಿನ ಜೊತೆ ಆ ಅಡ್ಡಪಟ್ಟಿಗಳನ್ನೂ ಕೊಯ್ದಿರ್ತಾರೆ. ಬದಲಿಗೆ ತೂತಿನ ಸುತ್ತ ಒಳ್ಳೆ ಫ್ರೇಮ್ ಕೊಟ್ಟಿದ್ದಾರಾ ಅನ್ನೋದೇ ಮೊದಲು ನೋಡಬೇಕಾದ್ದು.

ಯೂಟ್ಯೂಬ್‌ನಲ್ಲಿ ಜರ್ಮನಿ, ಇಂಗ್ಲೆಂಡಿನವರು ಫೋಕ್ಸ್‌ವ್ಯಾಗನ್ ವ್ಯಾನಿನ ಪಾಪ್-ಟಾಪ್ ಬಿಚ್ಚಿ, ಗುಜರಿಯಿಂದ ತಂದ ಹೈ ಟಾಪ್ ಕೂರಿಸೋದನ್ನ ನೀವೂ ನೋಡಿರ್ತೀರಿ. ಅಲ್ಲಿ ವೆಸ್ಟ್‌ಫಾಲಿಯಾದಂಥ ಕಂಪನಿಗಳು 1950ರ ದಶಕದಿಂದಲೇ ಫೋಕ್ಸ್‌ವ್ಯಾಗನ್‌ಗಳನ್ನ ಕ್ಯಾಂಪರ್ ಮಾಡ್ತಾ ಬಂದವು. 1979ರಲ್ಲಿ ಬಂದ ಮೂರನೇ ತಲೆಮಾರಿನ ವ್ಯಾನಿಗಂತೂ ಎತ್ತುವ ಟಾಪ್, ಖಾಯಂ ಎತ್ತರದ ಟಾಪ್ ಎರಡೂ ಸಿಗ್ತಿದ್ದವು. ತೂತಿನ ಅಳತೆಗೆ ಒಂದು ಲೆಕ್ಕ, ಅಂಚಿಗೆ ಬಲ, ಎಲ್ಲ ಯೋಚಿಸಿ ಮಾಡಿದ್ದು. ಅವರು ಬಿಚ್ಚಿ ಹಾಕೋದು ಒಂದು ಪಕ್ಕಾ ಫ್ರೇಮಿನ ಮೇಲೆ. ನಿಮ್ಮದು ಯಾವುದೋ ಶೆಡ್ಡಿನಲ್ಲಿ ಕಣ್ಣಂದಾಜಿನಲ್ಲಿ ಕೊಯ್ದದ್ದಾಗಿದ್ದರೆ ಆ ವಿಡಿಯೋ ನಿಮಗೆ ಉಪಯೋಗವಿಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗಾಡಿಯನ್ನ ಸಮನೆಲದಲ್ಲಿ ನಿಲ್ಲಿಸಿ, ಪಕ್ಕದ ಸ್ಲೈಡಿಂಗ್ ಡೋರ್ ಎಳೆದು ಮುಚ್ಚಿ ತೆಗೆದು ಮಾಡಿ. ಅದು ಹೇಗೆ ಕೂರುತ್ತೆ ಅಂತ ಕೈಗೆ ಗೊತ್ತಾಗಲಿ. ಆಮೇಲೆ ಹಿಂದಿನ ಒಂದು ಚಕ್ರವನ್ನ ಮಾತ್ರ ದಪ್ಪ ಹಲಗೆಯ ಮೇಲೆ ಹತ್ತಿಸಿ ಮತ್ತೆ ಅದೇ ಡೋರ್ ಎಳೆಯಿರಿ. ಬಾಡಿ ಗಟ್ಟಿ ಇದ್ದರೆ ವ್ಯತ್ಯಾಸ ಗೊತ್ತಾಗಲ್ಲ. ಮೆತ್ತಗಾಗಿದ್ದರೆ ಡೋರ್ ಕೊನೆಯಲ್ಲಿ ಹಿಡ್ಕೊಳ್ಳುತ್ತೆ, ಇಲ್ಲ ಮೇಲಿನ ಮೂಲೆಯಲ್ಲಿ ಸಂದು ಒಂದು ಕಡೆ ಅಗಲ, ಒಂದು ಕಡೆ ಕಿರಿದು ಆಗುತ್ತೆ. ನಮ್ಮ ಶೆಡ್ಡಿಗೆ ಹೀಗೇ ಒಂದು ವ್ಯಾನ್ ಬಂದಿತ್ತು, ಬೇರೆಲ್ಲೋ ಹಾರ್ಡ್ ಟಾಪ್ ಹಾಕಿಸಿಕೊಂಡು. ಹೊರಗಿನಿಂದ ನೋಡೋಕೆ ಚೆಂದ. ಮುಂದಿನ ಎಡಚಕ್ರ ನಮ್ಮ ರ‍್ಯಾಂಪಿನ ಅಂಚು ಹತ್ತಿದ್ದೇ ತಡ, ಸ್ಲೈಡಿಂಗ್ ಡೋರ್ ಅರ್ಧಕ್ಕೆ ನಿಂತಿತು. ಒಳಗಿನ ಲೈನಿಂಗ್ ಬಿಚ್ಚಿದರೆ ತೂತಿನ ಸುತ್ತ ಮರದ ರೀಪರ್ ಇಟ್ಟು, ತಗಡಿಗೆ ಸೆಲ್ಫ್ ಸ್ಕ್ರೂ ಹೊಡೆದಿದ್ದರು. ಪ್ರತಿ ಸ್ಕ್ರೂ ಸುತ್ತ ತುಕ್ಕಿನ ಉಂಗುರ. ಕೈ ಬೆರಳಲ್ಲಿ ತಿರುಗಿಸಿದರೆ ಬಿಚ್ಚಿಕೊಂಡು ಬರ್ತಿತ್ತು.

ಹಾಗಾಗಿ ಕೆಲಸದ ಕ್ರಮ ಹೀಗಿರಬೇಕು. ಹಳೆ ಟಾಪ್ ಬಿಚ್ಚುವ ಮೊದಲೇ ತೂತಿನ ಎರಡೂ ಕರ್ಣ, ಅಂದರೆ ಮೂಲೆಯಿಂದ ಮೂಲೆಗೆ ಅಡ್ಡ ಅಳತೆ, ಬರೆದಿಟ್ಟುಕೊಳ್ಳಬೇಕು. ಬಿಚ್ಚಿದ ಮೇಲೆ ಮತ್ತೆ ಅಳೆದು ಎರಡೂ ತಾಳೆ ಆದರೆ ಮಾತ್ರ ವೆಲ್ಡಿಂಗ್. ಸೊಟ್ಟಗೆ ಕೂತ ಬಾಡಿಗೆ ಫ್ರೇಮ್ ವೆಲ್ಡ್ ಮಾಡಿದರೆ ಸೊಟ್ಟವನ್ನೇ ಖಾಯಂ ಮಾಡಿದ ಹಾಗೆ. ತೂತಿನ ಸುತ್ತ ಚೌಕ ಪೈಪಿನ ಚೌಕಟ್ಟು ಬರಬೇಕು. ಅದು ತಗಡಿನ ಅಂಚಿಗೆ ಮಾತ್ರ ಅಂಟಿಕೊಂಡಿದ್ದರೆ ಸಾಲದು, ಪಕ್ಕದ ಕಂಬಗಳ ತಲೆಗೆ ಬಂದು ಸೇರಬೇಕು. ಟಾಪ್ ಖಾಯಂ ಆದ್ದರಿಂದ ಈಗ ನಿಮಗೊಂದು ಅನುಕೂಲ ಇದೆ: ಕೊಯ್ದುಹಾಕಿದ ಅಡ್ಡಪಟ್ಟಿಗಳನ್ನ ಮೇಲಕ್ಕೆ ಕಮಾನಿನ ಹಾಗೆ ಬಗ್ಗಿಸಿ ಮತ್ತೆ ಎಡ-ಬಲ ಜೋಡಿಸಬಹುದು. ಪಾಪ್-ಅಪ್‌ನಲ್ಲಿ ಇದು ಆಗ್ತಿರಲಿಲ್ಲ. ಮೂರು ಕಮಾನು ಬಿದ್ದರೆ ಗಾಡಿ ಉರುಳಿದಾಗಲೂ ತಲೆ ಮೇಲೆ ಬರೀ ಫೈಬರ್ ಇದೆ ಅನ್ನೋ ಭಯ ಕಡಿಮೆ. ನನ್ನ ಮಟ್ಟಿಗೆ ಈ ಕಮಾನು ಬೇಡ ಅನ್ನೋ ಮೇಸ್ತ್ರಿಗೆ ಗಾಡಿ ಕೊಡಬೇಡಿ.

ವೆಲ್ಡಿಂಗ್ ಸಿಒಟು ಮೆಷಿನ್ನಲ್ಲೇ (ಗ್ಯಾಸ್ ಹಾಯಿಸಿ ತೆಳು ತಂತಿಯಿಂದ ಬೆಸೆಯೋದು) ಆಗಬೇಕು, ಅದೂ ಚುಕ್ಕಿ ಚುಕ್ಕಿಯಾಗಿ, ಆರಲು ಬಿಟ್ಟು. ರಾಡ್ ವೆಲ್ಡಿಂಗ್ ಆ ತಗಡನ್ನ ಸುಟ್ಟು ತೂತು ಮಾಡುತ್ತೆ. ಶುರು ಮಾಡೋ ಮೊದಲು ಬ್ಯಾಟರಿ ಬಿಚ್ಚಿಸಿ. ಡೀಸೆಲ್ ಟ್ಯಾಂಕ್, ಸೀಟು, ವೈರಿಂಗ್ ಕಡೆ ಕಿಡಿ ಬೀಳದ ಹಾಗೆ ಹೊದಿಸಿ. ವೆಲ್ಡ್ ಆದ ಜಾಗ ಅದೇ ದಿನ ಉಜ್ಜಿ ಎಪಾಕ್ಸಿ ಪ್ರೈಮರ್ ಹೊಡೆಯಲಿ. ಪೈಪಿನ ಒಳಗೆ ತುಕ್ಕು ಹಿಡಿದರೆ ಹೊರಗೆ ಎಷ್ಟು ಬಣ್ಣ ಬಳಿದರೂ ಪ್ರಯೋಜನವಿಲ್ಲ.

ಈಗ ಟಾಪ್. ಖರ್ಚಿನಲ್ಲಿ ದೊಡ್ಡ ಪಾಲು ಮೋಲ್ಡಿಗೆ, ಅಂದರೆ ಅಚ್ಚಿಗೆ ಹೋಗುತ್ತೆ, ಟಾಪಿಗಲ್ಲ. ಒಂದೇ ಒಂದು ಪೀಸ್‌ಗೋಸ್ಕರ ಮೋಲ್ಡ್ ಮಾಡಿಸೋದು ದಂಡ. ಮೊದಲು ಆಂಬುಲೆನ್ಸ್, ಮಿನಿ ಬಸ್ ಬಾಡಿ ಕಟ್ಟುವವರ ಹತ್ತಿರ ಸುಮಾರಾಗಿ ಹೊಂದುವ ಹೈ ಟಾಪ್ ಮೋಲ್ಡ್ ಇದೆಯಾ ವಿಚಾರಿಸಿ. ಅಗಲ ಸರಿಯಾದರೆ ಉದ್ದ ಹೆಚ್ಚುಕಮ್ಮಿ ಮಾಡಿಕೊಳ್ಳಬಹುದು.

ಮಾಲಿನ ಲೆಕ್ಕ ನೀವೇ ಹಾಕಿ, ಆಗ ಕೊಟೇಶನ್ ಕೊಟ್ಟವರ ಮುಂದೆ ಮಾತಾಡೋಕೆ ಬಲ ಬರುತ್ತೆ. ಚದರ ಮೀಟರಿಗೆ 450 ಗ್ರಾಮ್ ತೂಗುವ ಗ್ಲಾಸ್ ಮ್ಯಾಟ್ (ಗಾಜಿನ ಎಳೆಗಳ ಹಾಸು) ಒಂದು ಪದರಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪ ಬರುತ್ತೆ. ನಾಲ್ಕು ಪದರ ಅಂದರೆ ನಾಲ್ಕು ಮಿಲಿಮೀಟರ್. ಮ್ಯಾಟ್ ತನ್ನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ (ಆಮೇಲೆ ಗಟ್ಟಿಯಾಗುವ ಅಂಟು ದ್ರವ) ಕುಡಿಯುತ್ತೆ. ಪಕ್ಕದ ಗೋಡೆ ಸೇರಿ ಟಾಪಿನ ಮೈ 6 ಚದರ ಮೀಟರ್ ಅಂದುಕೊಳ್ಳಿ: ಮ್ಯಾಟ್ ಸುಮಾರು 11 ಕೆಜಿ, ರೆಸಿನ್ 25 ಕೆಜಿ, ಒಟ್ಟು ಚಿಪ್ಪು 36 ಕೆಜಿ. ಒಳಗೆ ಫೋಮ್ ಪಟ್ಟಿ ಇಟ್ಟು ಮೇಲೆ ಮ್ಯಾಟ್ ಹೊದಿಸಿದ ಏಣು, ಶಾಖ ತಡೆಯುವ ಶೀಟು, ಲೈನಿಂಗ್ ಪ್ಲೈ ಸೇರಿದರೆ 60-70 ಕೆಜಿಗೆ ಬಂದು ನಿಲ್ಲುತ್ತೆ. ಯಾರಾದರೂ ಗಟ್ಟಿ ಇರಲಿ ಸಾರ್ ಅಂತ ಎಂಟು ಮಿಲಿಮೀಟರ್ ಹಾಕ್ತೀನಿ ಅಂದರೆ ಬೇಡ ಅನ್ನಿ. ಫೈಬರಿಗೆ ಗಟ್ಟಿತನ ಬರೋದು ಏಣಿನಿಂದ, ಬಾಗಿನಿಂದ. ಬರೀ ದಪ್ಪ ಹೆಚ್ಚಿಸಿದರೆ ತಲೆಭಾರ ಅಷ್ಟೆ.

ಫೈಬರ್ ಕೆಲಸ ಯಾವ ಕಾಲದಲ್ಲಿ ಮಾಡಿಸ್ತೀರಿ ಅನ್ನೋದೂ ಮುಖ್ಯ. ರೆಸಿನ್ ಗಟ್ಟಿ ಮಾಡುವ ಕ್ಯಾಟಲಿಸ್ಟ್ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಎರಡು ಭಾಗ. ಏಪ್ರಿಲ್ ಮಧ್ಯಾಹ್ನ ಅದೇ ಅಳತೆ ಹಾಕಿದರೆ ಬ್ರಷ್ ಅದ್ದುವಷ್ಟರಲ್ಲಿ ಮಗ್ಗಿನಲ್ಲೇ ಬಿಸಿಯಾಗಿ, ಹೊಗೆಯಾಡಿ, ಕಲ್ಲಾಗುತ್ತೆ. ಅದಕ್ಕೇ ಬೇಸಿಗೆಯಲ್ಲಿ ನಾವು ಬೆಳಗ್ಗೆ ಬೇಗ ಶುರು ಮಾಡಿ ಬಿಸಿಲೇರುವ ಮೊದಲು ಮುಗಿಸೋದು. ಮಳೆಗಾಲದಲ್ಲಿ ಉಲ್ಟಾ, ಮ್ಯಾಟ್ ತೇವ ಹೀರಿಕೊಂಡಿದ್ದರೆ ರೆಸಿನ್ ಸರಿಯಾಗಿ ಹಿಡಿಯಲ್ಲ, ಮೇಲ್ಮೈ ಅಂಟು ಅಂಟಾಗಿಯೇ ಉಳಿಯುತ್ತೆ. ಮನೆಯಲ್ಲೇ ಮಾಡ್ತೀನಿ ಅನ್ನೋ ಉತ್ಸಾಹ ಇದ್ದರೆ ಒಂದು ಎಚ್ಚರಿಕೆ: ಕ್ಯಾಟಲಿಸ್ಟನ್ನೂ, ಅದರ ಕೆಲಸ ಚುರುಕು ಮಾಡಲು ಹಾಕುವ ಕೋಬಾಲ್ಟನ್ನೂ ನೇರವಾಗಿ ಬೆರೆಸಲೇಬಾರದು, ಹತ್ತಿ ಉರಿಯುತ್ತೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟ್ ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಕ್ಯಾಟಲಿಸ್ಟ್. ಕಣ್ಣಿಗೆ ಕನ್ನಡಕ ಇಲ್ಲದೆ ಕ್ಯಾಟಲಿಸ್ಟ್ ಬಾಟಲಿ ಮುಟ್ಟಬೇಡಿ.

ಟಾಪ್ ಕೂರಿಸೋದು ಸ್ಕ್ರೂನಿಂದ ಅಲ್ಲ, ಪಿಯು (ಪಾಲಿಯುರೆಥೇನ್) ಸೀಲೆಂಟ್‌ನಿಂದ, ಬಸ್ಸಿನ ಗ್ಲಾಸ್ ಅಂಟಿಸ್ತಾರಲ್ಲ ಆ ಜಾತಿಯದ್ದು. ಕಾರಣ ಇದೆ. ಬಿಸಿಲಿಗೆ ಫೈಬರ್ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ. ಎರಡೂವರೆ ಮೀಟರ್ ಉದ್ದದ ಟಾಪು ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ 40 ಡಿಗ್ರಿ ವ್ಯತ್ಯಾಸ ಕಂಡರೆ, ಕೆಳಗಿನ ಕಬ್ಬಿಣದ ಫ್ರೇಮಿಗಿಂತ ಒಂದೂವರೆ ಮಿಲಿಮೀಟರ್‌ನಷ್ಟು ಹೆಚ್ಚು ಓಡಾಡುತ್ತೆ. ದಿನಾ. ಸ್ಕ್ರೂ ಇದ್ದರೆ ತೂತು ಅಗಲವಾಗಿ ಸೋರುತ್ತೆ. ಪಿಯು ರಬ್ಬರಿನ ಹಾಗೆ ಎಳೆದುಕೊಂಡು ಬಿಡುತ್ತೆ. ಆದರೆ ಅದಕ್ಕೆ ದಪ್ಪ ಬೇಕು. ಟಾಪ್ ಇಟ್ಟು ಮೇಲೆ ಕೂತು ಒತ್ತಿ ಎಲ್ಲ ಪೇಸ್ಟ್ ಹೊರಗೆ ಬರಿಸೋ ಹುಡುಗರನ್ನ ತಡೀರಿ. ಮೂರ್ನಾಲ್ಕು ಮಿಲಿಮೀಟರ್ ದಪ್ಪದ ರಬ್ಬರ್ ತುಂಡುಗಳನ್ನ ಅಲ್ಲಲ್ಲಿ ಇಟ್ಟು ಕೂರಿಸಿದರೆ ಅಷ್ಟು ದಪ್ಪ ತಾನಾಗಿ ಉಳಿಯುತ್ತೆ. ಫೈಬರಿನ ಅಂಟಿಸುವ ಅಂಚನ್ನ ಹೊಳಪು ಹೋಗುವವರೆಗೆ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿರಬೇಕು. ಪಿಯು ಗಾಳಿಯ ತೇವ ಕುಡಿದು ದಿನಕ್ಕೆ ಮೂರು ಮಿಲಿಮೀಟರ್ ಆಸುಪಾಸು ಒಣಗೋದು. ಅಂಟಿಸಿದ ಮಾರನೇ ದಿನವೇ ಹೈವೇಗೆ ಇಳಿಸಬೇಡಿ, ಒಂದು ವಾರ ನಿಲ್ಲಲಿ.

ಸಿಲಿಕಾನ್ ಮಾತ್ರ ಬೇಡ. ಬಾತ್ರೂಮಿಗೆ ಹಾಕೋ, ವಿನಿಗರ್ ವಾಸನೆ ಬರೋ ಆ ಟ್ಯೂಬ್ ತಗಡಿಗೆ ತುಕ್ಕು ಹಿಡಿಸುತ್ತೆ, ಅದರ ಮೇಲೆ ಬಣ್ಣ ಕೂರಲ್ಲ, ಮುಂದೆ ರಿಪೇರಿ ಮಾಡೋನು ಬೈಕೊಳ್ತಾನೆ. ಟಾಪಿನ ಅಂಚು ತಗಡಿನ ಹೊರಗಡೆಗೆ ಇಳಿಬಿದ್ದಿರಬೇಕು, ನೀರು ಸಂದಿಗೆ ಬರದೆ ಆಚೆ ಬೀಳೋ ಹಾಗೆ. ಆಮೇಲೆ ಪೈಪ್ ಹಿಡಿದು ಕೆಳಗಿನಿಂದ ಮೇಲಕ್ಕೆ ನಿಧಾನ ನೀರು ಬಿಟ್ಟು, ಒಳಗೊಬ್ಬರು ಟಾರ್ಚ್ ಹಿಡಿದು ಕೂತು ನೋಡಿ. ಲೈನಿಂಗ್ ಹೊಡೆಯುವ ಮೊದಲೇ ಈ ಪರೀಕ್ಷೆ ಆಗಿಬಿಡಬೇಕು.

ಎತ್ತರ ಎಷ್ಟು? ಮನೆಯಲ್ಲಿ ಎಲ್ಲರಿಗಿಂತ ಉದ್ದ ಇರೋರು ಒಳಗೆ ನಿಂತು, ತಲೆ ಮೇಲೆ ನಾಲ್ಕು ಬೆರಳು ಜಾಗ. ಅದಕ್ಕಿಂತ ಒಂದಿಂಚೂ ಬೇಡ. ಪಾಪ್-ಅಪ್‌ಗೆ ಇದ್ದ ದೊಡ್ಡ ಗುಣವೇ ಓಡುವಾಗ ತಗ್ಗಿರೋದು, ಅದನ್ನ ಈಗ ಕಳ್ಕೊಳ್ತಿದ್ದೀರಿ. ಅರ್ಧ ಮೀಟರ್ ಎತ್ತರ ಹೆಚ್ಚಾದರೆ ಪಕ್ಕದಿಂದ ಗಾಳಿ ಹೊಡೆಯೋ ಜಾಗ ಒಂದೂಕಾಲು ಚದರ ಮೀಟರ್ ಹೆಚ್ಚಾಯ್ತು. ಆಷಾಢದಲ್ಲಿ ಶಿರಾ ದಾಟಿ ಹಿರಿಯೂರು, ಚಿತ್ರದುರ್ಗದ ಕಡೆ ಎನ್‌ಎಚ್ 48ರಲ್ಲಿ ಹೋಗಿ ನೋಡಿ, ಅಲ್ಲಿ ಗುಡ್ಡದ ಮೇಲೆಲ್ಲ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ. ವೋಲ್ವೋ ಬಸ್ ಪಕ್ಕದಲ್ಲಿ ಹಾದುಹೋದರೆ ಸ್ಟೇರಿಂಗ್ ಗಟ್ಟಿಯಾಗಿ ಹಿಡಿಯಬೇಕಾಗುತ್ತೆ. ನಿಮ್ಮ ಮನೆ ಪೋರ್ಟಿಕೋ, ದಿನಾ ಹಾಯುವ ರೈಲ್ವೆ ಅಂಡರ್‌ಪಾಸಿನ ಎತ್ತರದ ಕಂಬಿ, ಬೆಂಗಳೂರಿನಲ್ಲಿ ನೆಂಟರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್, ಇವುಗಳನ್ನ ಟೇಪ್ ಹಿಡಿದು ಅಳೆದುಕೊಂಡು ಬಂದು ಆಮೇಲೆ ಮೇಸ್ತ್ರಿಗೆ ಎತ್ತರ ಹೇಳಿ.

ಕ್ಯಾನ್ವಾಸಿಗೆ ಜಾಲರಿ ಕಿಟಕಿ ಇತ್ತು, ಸುತ್ತ ಗಾಳಿ ಆಡ್ತಿತ್ತು. ಹಾರ್ಡ್ ಟಾಪ್ ಆದರೆ ಅದು ನಿಂತುಹೋಗುತ್ತೆ. ಬಸ್ ಬಾಡಿ ಸಾಮಾನು ಮಾರುವ ಅಂಗಡಿಯಲ್ಲಿ ರೂಫ್ ಹ್ಯಾಚ್ ಸಿಗುತ್ತೆ, ಒಂದು ಹಾಕಿಸಿ, ಅದಕ್ಕೊಂದು 12 ವೋಲ್ಟ್ ಫ್ಯಾನ್ ಕೊಡಿ. ಇಲ್ಲದಿದ್ದರೆ ಡಿಸೆಂಬರಿನಲ್ಲಿ ದೇವರಾಯನದುರ್ಗದಂಥ ಕಡೆ ರಾತ್ರಿ ಕಳೆದರೆ ನಿಮ್ಮ ಉಸಿರಿನ ತೇವವೇ ಬೆಳಗಿನ ಜಾವ ಮೇಲಿಂದ ತೊಟ್ಟಿಕ್ಕುತ್ತೆ, ಮತ್ತೆ ಟಾಪ್ ಸೋರ್ತಿದೆ ಅಂತ ಮೇಸ್ತ್ರಿ ಹತ್ತಿರ ಜಗಳಕ್ಕೆ ಹೋಗ್ತೀರಿ. ಬಣ್ಣ ಬಿಳಿ. ಇದರಲ್ಲಿ ಚರ್ಚೆ ಬೇಡ.

ಮೇಲೆ ಮಲಗುವ ಅಟ್ಟ ಬೇಕಿದ್ದರೆ ಅದರ ಭಾರ ಫೈಬರ್ ಗೋಡೆಗೆ ಬೀಳಬಾರದು. ಇಬ್ಬರು ಮಲಗಿದರೆ 150 ಕೆಜಿ, ಅದು ನೇರ ಕಬ್ಬಿಣದ ಫ್ರೇಮಿಗೆ ಇಳಿಯಲಿ.

ಇನ್ನು ಆರ್‌ಟಿಒ. ಇಲ್ಲಿ ಸಿಹಿ ಮಾತಾಡಿ ನಿಮ್ಮನ್ನ ಸಿಕ್ಕಿಸೋದು ನನಗಿಷ್ಟ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಎತ್ತರದ ಮಿತಿ ನಿಮಗೆ ಸಮಸ್ಯೆಯಲ್ಲ. ಪ್ರಯಾಣಿಕ ಗಾಡಿಗೆ 3.8 ಮೀಟರ್‌ವರೆಗೆ ಬಿಡ್ತಾರೆ, ನಿಮ್ಮದು ಅದರ ಹತ್ತಿರವೂ ಬರಲ್ಲ. ಸಮಸ್ಯೆ ಆರ್‌ಸಿಗೂ ಗಾಡಿಗೂ ತಾಳೆಯಾಗದಿರೋದು.

ಆದ್ದರಿಂದ ಆರ್‌ಸಿ ತೆಗೆದು ಬಾಡಿ ಟೈಪ್ ಅನ್ನೋ ಜಾಗದಲ್ಲಿ ಏನಿದೆ ಓದಿ. ಈಗಿರುವ ಪಾಪ್-ಅಪ್ ಆದರೂ ದಾಖಲೆಯಲ್ಲಿ ಇದೆಯಾ? ಇಲ್ಲದಿದ್ದರೆ ನೀವು ಗಾಡಿ ಕೊಂಡ ದಿನದಿಂದಲೇ ಇದು ನಿಮ್ಮ ತಲೆಮೇಲಿದೆ ಅಂತ ಲೆಕ್ಕ. ಕ್ಯಾರವಾನ್‌ಗಳಿಗೆ ಎಐಎಸ್ 124 ಅಂತ ಬೇರೆಯೇ ಮಾನದಂಡ ಇದೆ, ಪುಣೆಯ ಎಆರ್‌ಎಐನಂಥ ಸಂಸ್ಥೆಗಳು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡ್ತವೆ. ಅದು ಬಾಡಿ ಕಟ್ಟುವ ಕಂಪನಿಗಳ ದಾರಿ, ಒಂದು ಗಾಡಿಯವರಿಗೆ ಎಟುಕೋದಲ್ಲ. ನೀವು ಮಾಡಬೇಕಾದ್ದು: ಒಂದು ಸ್ಕ್ರೂ ಬಿಚ್ಚುವ ಮೊದಲು, ಡ್ರಾಯಿಂಗ್ ಸಮೇತ ಅರ್ಜಿ ಬರೆದು ತಿಪಟೂರಿನ ಕೆಎ 44 ಕಚೇರಿಗೆ ಕೊಟ್ಟು ಲಿಖಿತ ಉತ್ತರ ತಗೊಳ್ಳಿ. ವಿಂಗರಿಗೆ ಕಂಪನಿಯದ್ದೇ ಹೈ-ರೂಫ್ ಮಾದರಿ ಇದೆ, ಅದರ ಬ್ರೋಷರ್ ಅರ್ಜಿ ಜೊತೆ ಲಗತ್ತಿಸಿ. ಅದರಿಂದ ಅನುಮತಿ ಸಿಕ್ಕೇ ಸಿಗುತ್ತೆ ಅಂತಲ್ಲ, ಇನ್‌ಸ್ಪೆಕ್ಟರಿಗೆ ನೀವು ಕೇಳ್ತಿರೋದು ಏನು ಅಂತ ಸ್ಪಷ್ಟವಾಗುತ್ತೆ. ಗಾಡಿ ಮೇಲೆ ಸಾಲ ಇದ್ದರೆ ಫೈನಾನ್ಸಿನವರ ಒಪ್ಪಿಗೆಯೂ ಬರವಣಿಗೆಯಲ್ಲಿ ಬೇಕು. ಇನ್ಶೂರೆನ್ಸಿನವರಿಗೂ ತಿಳಿಸಿ, ಹೇಳದೆ ಮಾಡಿದ ಬದಲಾವಣೆ ಕ್ಲೇಮಿನ ಸಮಯದಲ್ಲೇ ಹೊರಬರೋದು. ಬಾಯಿಮಾತಿನಲ್ಲಿ ಏನೂ ಆಗಲ್ಲ ಬಿಡಿ ಸಾರ್ ಅನ್ನೋ ಏಜೆಂಟ್ ಆಮೇಲೆ ಫೋನ್ ಎತ್ತಲ್ಲ.

ಉತ್ತರ ಇಲ್ಲ ಅಂತ ಬಂದರೆ? ಆಗ ನನ್ನ ಸಲಹೆ, ಇರೋ ಪಾಪ್-ಅಪ್ಪನ್ನೇ ರಿಪೇರಿ ಮಾಡಿಸಿ. ಅನುಮತಿಯ ಪ್ರಶ್ನೆ ಬಗೆಹರಿಯಲ್ಲ, ಹೊಸದೊಂದು ಸೇರಿಸಿಕೊಂಡಂತೂ ಆಗಲ್ಲ. ನಿಜ ಹೇಳಬೇಕೆಂದರೆ ಅನುಮತಿ ಸಿಕ್ಕರೂ ಈ ದಾರಿ ಒಂದು ಸಲ ಯೋಚಿಸಿ. ಕ್ಯಾನ್ವಾಸನ್ನ ಲಾರಿ ಟಾರ್ಪಾಲ್ ಹೊಲಿಯುವವರಿಗೆ ಹಳೆಯದನ್ನೇ ಮಾದರಿಯಾಗಿ ಕೊಟ್ಟರೆ ಹೊಲಿದು ಕೊಡ್ತಾರೆ. ಹೊಲಿಗೆ ಸಾಲಿಗೆ ಒಳಗಿನಿಂದ ಟೇಪ್ ಹಾಕಿಸಿಕೊಳ್ಳಿ, ನೀರು ಬರೋದು ಸೂಜಿ ತೂತಿನಿಂದಲೇ. ಸುತ್ತಲಿನ ರಬ್ಬರ್ ಬೀಡಿಂಗ್ ಮೀಟರ್ ಲೆಕ್ಕದಲ್ಲಿ ಸಿಗುತ್ತೆ. ಗ್ಯಾಸ್ ಶಾಕ್ ಮೇಲೆ ನ್ಯೂಟನ್ ಲೆಕ್ಕದಲ್ಲಿ ಒಂದು ಅಂಕಿ ಅಚ್ಚಾಗಿರುತ್ತೆ, ಅದನ್ನೇ ಹೇಳಿ ಕೇಳಿ, ಉದ್ದ ಒಂದೇ ಇದೆ ಅಂತ ತಂದರೆ ಟಾಪ್ ಏಳಲ್ಲ, ಇಲ್ಲ ಮುಚ್ಚಲು ಬರಲ್ಲ. ವರ್ಷಕ್ಕೆ ಎರಡು ಮೂರು ಸಲ ಹೊರಗೆ ಹೋಗೋರಿಗೆ ಇಷ್ಟು ಸಾಕು. ತಿಂಗಳುಗಟ್ಟಲೆ ಅದರಲ್ಲೇ ಓಡಾಡೋರಿಗೆ, ಧೂಳಿನ ಊರುಗಳಲ್ಲಿ ಮಲಗೋರಿಗೆ ಹಾರ್ಡ್ ಟಾಪ್ ಸರಿ.

ಹಳೆ ಟಾಪ್ ಏನು ಮಾಡೋದು ಅಂದಿರಲ್ಲ, ಗುಜರಿಗೆ ಹಾಕುವ ಮೊದಲು ಅದರ ಮುಚ್ಚಳ ಕೈಯಲ್ಲಿ ಬಡಿದು ನೋಡಿ. ಫೈಬರಿನದ್ದಾಗಿದ್ದು, ಬಿರುಕಿಲ್ಲದೆ, ಒಂದೇ ಸದ್ದು ಬರ್ತಿದ್ದರೆ ಅದನ್ನೇ ಎತ್ತರಿಸಿ ನಿಲ್ಲಿಸಿ, ಕ್ಯಾನ್ವಾಸ್ ಇದ್ದ ಜಾಗಕ್ಕೆ ಫೈಬರ್ ಗೋಡೆ ಕಟ್ಟಿಸಬಹುದು. ಗೋಡೆ ಬಹುತೇಕ ಚಪ್ಪಟೆ, ಲ್ಯಾಮಿನೇಟ್ ಹಾಳೆಯ ಮೇಲೆ ಎರೆದು ತೆಗೆದರೆ ಆಯ್ತು, ಮೋಲ್ಡಿನ ಖರ್ಚೇ ಉಳಿಯುತ್ತೆ. ಬಡಿದಾಗ ಅಲ್ಲಲ್ಲಿ ಟೊಳ್ಳು ಸದ್ದು ಬಂದರೆ ಪದರ ಬಿಟ್ಟಿದೆ ಅಂತ, ಆಗ ಗುಜರಿಗೇ ಹೋಗಲಿ. ಗ್ಯಾಸ್ ಶಾಕ್ ಮಾತ್ರ ಕಟಿಂಗ್ ವೀಲ್ ಇಟ್ಟು ಕೊಯ್ಯೋದು, ಬೆಂಕಿಗೆ ಹಾಕೋದು ಮಾಡಬೇಡಿ, ಒಳಗೆ ಒತ್ತಡದ ಗ್ಯಾಸ್ ಇರುತ್ತೆ. ಬಿಚ್ಚಿ ಹಾಗೇ ಕೊಟ್ಟುಬಿಡಿ.